ಬೆಳಕಿನ ತಂತುವೂ ನಾಗರಿಕರ ಒಗ್ಗಟ್ಟೂ: ಮೂರು ಊರುಗಳ ಅನುಭವ

ಒಂದು ಊರಿಗೆ ರೈಲು ಬಂದುದು, ನಲ್ಲಿಯ ನೀರು ಬಂದುದು, ವಿದ್ಯುದ್ದೀಪ ಬಂದುದು, ಇವುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎಂಜಿನಿಯರರ ಹೆಸರನ್ನೂ ಅಧಿಕಾರಸ್ಥರ ಹೆಸರನ್ನೂ ಹೇಳಿ ಮುಗಿಸುತ್ತಾರೆ. ಆ ಸೌಕರ್ಯವನ್ನು ಬೇಡಿದವರು ಯಾರು, ಅದಕ್ಕಾಗಿ ಊರಿನವರು ತಮ್ಮ ಕೈಯಿಂದ ಏನನ್ನು ಕೊಟ್ಟರು, ಕೊಟ್ಟುದಕ್ಕೆ ಪ್ರತಿಯಾಗಿ ಯಾವ ಹಕ್ಕನ್ನು ಉಳಿಸಿಕೊಂಡರು ಎಂಬ ಪ್ರಶ್ನೆಗಳು ಹಿಂದೆ ಬೀಳುತ್ತವೆ. ಈ ಶತಮಾನದ ಮೊದಲ ಎರಡು ದಶಕಗಳಲ್ಲಿ, ಅತಿವೇಗದ ಫೈಬರ್ ಅಂತರಜಾಲವನ್ನು ತಮ್ಮ ಊರಿಗೆ ತರಿಸಿಕೊಳ್ಳಲು ಜನರೇ ಸಂಘಟಿತರಾದ ಪ್ರಸಂಗಗಳು ಹಲವು ನಡೆದಿವೆ. ಅವುಗಳಲ್ಲಿ ಅಮೆರಿಕೆಯ ಕಾನ್ಸಾಸ್ ಸಿಟಿ ಮತ್ತು ಲಫಾಯೆಟ್, ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತದ ಹಳ್ಳಿಗಳು, ಈ ಮೂರನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೂರು ಕಡೆಗಳಲ್ಲಿಯೂ ಉತ್ಸಾಹವೇನೋ ಒಂದೇ. ಆದರೆ ಜನರು ಕೊಟ್ಟ ವಸ್ತು ಬೇರೆ ಬೇರೆ. ಒಂದೆಡೆ ಹೆಸರನ್ನು ಕೊಟ್ಟರು. ಇನ್ನೊಂದೆಡೆ ಮತವನ್ನು ಕೊಟ್ಟರು. ಮತ್ತೊಂದೆಡೆ ಬಂಡವಾಳವನ್ನೂ ಮೈದುಡಿಮೆಯನ್ನೂ ಕೊಟ್ಟರು. ಕೊಟ್ಟ ವಸ್ತು ಯಾವುದೋ ಉಳಿದ ಹಕ್ಕೂ ಅದಕ್ಕೆ ತಕ್ಕುದೇ ಆಯಿತೆಂಬುದು ಈ ವೃತ್ತಾಂತಗಳ ಸಾರ.

೧. ಖರ್ಚು ಎಲ್ಲಿ ಅಡಗಿದೆ?

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಫೈಬರ್ ಎಂಬುದು ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತು. ಅದರ ಒಂದು ತುದಿಯಲ್ಲಿ ಹಾಯಿಸಿದ ಬೆಳಕು ಒಳಗೋಡೆಗಳಲ್ಲಿ ಪ್ರತಿಫಲಿಸುತ್ತ, ಹೊರಗೆ ಸೋರದೆ, ಮತ್ತೊಂದು ತುದಿಯನ್ನು ಮುಟ್ಟುತ್ತದೆ. ೧೯೬೦ರಲ್ಲಿ ಈ ವಿದ್ಯೆಗೆ ‘ಫೈಬರ್ ಆಪ್ಟಿಕ್ಸ್’ ಎಂಬ ಹೆಸರನ್ನು ರೂಢಿಗೆ ತಂದವರು ಪಂಜಾಬಿನ ಮೊಗಾದಲ್ಲಿ ಜನಿಸಿದ ನರಿಂದರ್ ಸಿಂಗ್ ಕಪಾನಿಯವರು. ಗಾಜಿನ ಕಲ್ಮಷವನ್ನು ತೆಗೆದುಹಾಕಿದರೆ ಬೆಳಕನ್ನು ಬಹುದೂರ ಕೊಂಡೊಯ್ಯಬಹುದೆಂದು ೧೯೬೬ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಕಾವೋ ಅವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ತಾಮ್ರದ ತಂತಿಯಲ್ಲಿ ದೂರ ಹೆಚ್ಚಿದಂತೆ ಸಂಕೇತವು ಬೇಗನೆ ಕುಗ್ಗುತ್ತದೆ. ಗಾಜಿನ ತಂತುವಿನಲ್ಲಿ ಹಾಗಾಗುವುದು ಬಹಳ ಕಡಿಮೆ. ಒಮ್ಮೆ ಹೂತಿಟ್ಟ ತಂತುವನ್ನು ಬದಲಿಸದೆ, ಎರಡು ತುದಿಗಳ ಯಂತ್ರಗಳನ್ನು ಮಾತ್ರ ಬದಲಿಸಿ ವೇಗವನ್ನು ಹೆಚ್ಚಿಸಿಕೊಳ್ಳಬಹುದೆಂಬುದು ಅದರ ಇನ್ನೊಂದು ಗುಣ.

ಆದರೆ ಬಹಳ ಮಂದಿ ಊಹಿಸುವಂತೆ ಖರ್ಚಿರುವುದು ಗಾಜಿನಲ್ಲಿ ಅಲ್ಲ. ರಸ್ತೆಯನ್ನು ಅಗೆಯುವುದು, ಕೊಳವೆ ಹೂಳುವುದು, ಕಂಬಗಳ ಮೇಲೆ ಜಾಗ ಪಡೆಯುವುದು, ಪರವಾನಗಿ ಪಡೆಯುವುದು, ಇವುಗಳಲ್ಲಿಯೇ ಹಣದ ಬಹುಭಾಗ ಕರಗುತ್ತದೆ. ನೂರು ಮನೆಗಳ ಒಂದು ಬೀದಿಯನ್ನು ಕಲ್ಪಿಸಿಕೊಳ್ಳೋಣ. ಆ ಬೀದಿಯ ಉದ್ದಕ್ಕೂ ಕಾಲುವೆ ತೋಡಲು ತಗಲುವ ವೆಚ್ಚ, ಐದು ಮನೆಯವರು ಸಂಪರ್ಕ ಪಡೆದರೂ ಐವತ್ತು ಮನೆಯವರು ಪಡೆದರೂ ಹೆಚ್ಚುಕಡಿಮೆ ಅಷ್ಟೇ. ಐವತ್ತು ಮನೆಗಳ ನಡುವೆ ಹಂಚಿದರೆ ಒಂದು ಮನೆಯ ಪಾಲಿಗೆ ಬರುವ ಭಾರವು ಐದು ಮನೆಗಳ ನಡುವೆ ಹಂಚಿದಾಗಿನದರ ಹತ್ತನೆಯ ಒಂದು ಭಾಗವಾಗುತ್ತದೆ. ಆದುದರಿಂದ ಕಾಲುವೆ ತೋಡುವವನು ಮೊದಲು ಕೇಳುವ ಪ್ರಶ್ನೆ, ‘ಈ ಬೀದಿಯಲ್ಲಿ ಎಷ್ಟು ಮಂದಿ ಸೇರುತ್ತಾರೆ?’ ಎಂಬುದು. ಸಾಲ ಕೊಡುವ ಮೊದಲು ಬ್ಯಾಂಕಿನವರು ಕೇಳುವ ಪ್ರಶ್ನೆಯೂ ಇದೇ ಜಾತಿಯದು. ನಾಗರಿಕರ ಸಂಘಟನೆಗೆ ಬೆಲೆ ಬರುವುದು ಇಲ್ಲಿಂದ. ಒಗ್ಗಟ್ಟೆಂಬುದು ಇಲ್ಲಿ ಬರಿಯ ಭಾವನೆಯಲ್ಲ, ಲೆಕ್ಕದ ಪುಸ್ತಕದಲ್ಲಿ ಬರೆಯಬಹುದಾದ ಒಂದು ಅಂಕಿ.

೨. ಅರ್ಜಿಗಳ ಉತ್ಸವ

೨೦೧೦ರ ಫೆಬ್ರವರಿಯಲ್ಲಿ ಗೂಗಲ್ ಕಂಪನಿಯು ಒಂದು ಪ್ರಕಟಣೆ ಹೊರಡಿಸಿತು. ಪ್ರಯೋಗಾರ್ಥವಾಗಿ, ಒಂದು ಅಥವಾ ಕೆಲವು ಊರುಗಳಲ್ಲಿ, ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಫೈಬರ್ ಜಾಲವನ್ನು ಕಟ್ಟುವುದಾಗಿಯೂ, ಕನಿಷ್ಠ ೫೦,೦೦೦ದಿಂದ ಗರಿಷ್ಠ ೫ ಲಕ್ಷ ಜನರಿಗೆ ಅದನ್ನು ಒದಗಿಸುವುದಾಗಿಯೂ, ಆಸಕ್ತಿಯುಳ್ಳ ಊರುಗಳು ಮಾರ್ಚ್ ೨೬ರೊಳಗೆ ಅರ್ಜಿ ಸಲ್ಲಿಸಬೇಕೆಂದೂ ಅದು ತಿಳಿಸಿತು. ಸುಮಾರು ೧,೧೦೦ ಊರುಗಳು ಅರ್ಜಿ ಹಾಕಿದುವು. ಇವಲ್ಲದೆ ೧,೯೦,೦೦೦ಕ್ಕೂ ಮಿಕ್ಕಿ ವ್ಯಕ್ತಿಗಳು ತಮ್ಮ ಊರನ್ನು ಆರಿಸಬೇಕೆಂದು ಕೇಳಿಕೊಂಡರು.

ಆ ಆರು ವಾರಗಳಲ್ಲಿ ನಡೆದ ವಿನೋದಗಳು ಕಡಿಮೆಯಲ್ಲ. ಕಾನ್ಸಾಸ್ ರಾಜ್ಯದ ರಾಜಧಾನಿಯಾದ ಟೊಪೀಕಾ ನಗರದ ಮೇಯರ್, ಆ ಮಾರ್ಚ್ ತಿಂಗಳ ಮಟ್ಟಿಗೆ ತಮ್ಮ ಊರನ್ನು ‘ಗೂಗಲ್’ ಎಂದು ಕರೆಯತಕ್ಕದ್ದೆಂದು ಘೋಷಣೆ ಹೊರಡಿಸಿದರು. ಮಿನೆಸೋಟಾದ ಡುಲೂತ್ ನಗರದ ಮೇಯರ್ ಚಳಿಗಾಲದ ಸುಪೀರಿಯರ್ ಸರೋವರಕ್ಕೆ ಧುಮುಕಿದರು. ಏಪ್ರಿಲ್ ಒಂದರಂದು ಗೂಗಲ್ ಕಂಪನಿಯು ತಾನೇ ‘ಟೊಪೀಕಾ’ ಎಂದು ಹೆಸರಿಟ್ಟುಕೊಂಡು ಹಾಸ್ಯಕ್ಕೆ ಪ್ರತಿಹಾಸ್ಯ ಮಾಡಿತು.

ಆದರೆ ಫಲ ಬಂದುದು ಬೇರೆ ಕಡೆಗೆ. ೨೦೧೧ರ ಮಾರ್ಚ್ ೩೦ರಂದು ಕಾನ್ಸಾಸ್ ರಾಜ್ಯದ ಕಾನ್ಸಾಸ್ ಸಿಟಿಯನ್ನು ಆರಿಸಿದುದಾಗಿ ಕಂಪನಿ ತಿಳಿಸಿತು. ಮೇ ತಿಂಗಳಲ್ಲಿ, ರಾಜ್ಯಗಳ ಗಡಿಯಾಚೆ ಮಿಸೂರಿ ರಾಜ್ಯದಲ್ಲಿರುವ ಅದೇ ಹೆಸರಿನ ದೊಡ್ಡ ನಗರವನ್ನೂ ಸೇರಿಸಿಕೊಂಡಿತು. ೨೦೧೦ರ ಜನಗಣತಿಯಂತೆ ಮೊದಲನೆಯದರ ಜನಸಂಖ್ಯೆ ಸುಮಾರು ೧,೪೬,೦೦೦, ಎರಡನೆಯದರದು ಸುಮಾರು ೪,೬೦,೦೦೦. ಕಾನ್ಸಾಸ್ ಭಾಗದ ಊರಿನಲ್ಲಿ ವಿದ್ಯುತ್ ಕಂಬಗಳು ನಗರದ್ದೇ ಆದ ಸಾರ್ವಜನಿಕ ಮಂಡಲಿಯ ಒಡೆತನದಲ್ಲಿದ್ದುವು. ನಗರ ಹಾಗೂ ಕೌಂಟಿಯ ಆಡಳಿತಗಳು ಒಂದಾಗಿದ್ದುವು. ಕಂಬಕ್ಕೂ ರಸ್ತೆಗೂ ಪರವಾನಗಿಗೂ ಒಂದೇ ಬಾಗಿಲು ಬಡಿದರೆ ಸಾಕಾಗುವಂಥ ಊರು ಅದು. ಸರೋವರಕ್ಕೆ ಧುಮುಕುವ ಧೈರ್ಯಕ್ಕಿಂತ ಕಂಬದ ಒಡೆತನವು ಹೆಚ್ಚು ತೂಗುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರ್ಜಿಯು ಇಚ್ಛೆಯನ್ನು ತೋರಿಸುತ್ತದೆ; ಇಚ್ಛೆಯು ವೆಚ್ಚವನ್ನು ತಗ್ಗಿಸಲಾರದು.

೩. ಹತ್ತು ಡಾಲರಿನ ನೋಂದಣಿ

ನಿಜವಾದ ಸಂಘಟನೆ ಆರಂಭವಾದುದು ಊರನ್ನು ಆರಿಸಿದ ಬಳಿಕ. ೨೦೧೨ರ ಜುಲೈ ೨೬ರಂದು ಕಂಪನಿಯು ಹೊಸ ಪದ್ಧತಿಯೊಂದನ್ನು ಹೊರತಂದಿತು. ಎರಡೂ ನಗರಗಳನ್ನು ೨೦೨ ಬಡಾವಣೆಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಒಂದು ಗುರಿಯನ್ನು ಗೊತ್ತುಮಾಡಲಾಯಿತು. ಬಡಾವಣೆಯ ಮನೆಗಳಲ್ಲಿ ನೂರಕ್ಕೆ ೫ರಿಂದ ೨೫ರವರೆಗೆ, ಕಟ್ಟುವ ಖರ್ಚಿಗೆ ಅನುಗುಣವಾಗಿ, ಮುಂಗಡ ನೋಂದಣಿ ಆಗಬೇಕು. ಪ್ರತಿ ಮನೆಯೂ ೧೦ ಡಾಲರು ಕಟ್ಟಬೇಕು. ಸೆಪ್ಟೆಂಬರ್ ೯ರೊಳಗೆ ಗುರಿ ಮುಟ್ಟಿದ ಬಡಾವಣೆಗಳಿಗೆ ಮಾತ್ರ ಫೈಬರ್. ಗುರಿ ತಪ್ಪಿದವು ಹೊರಗೆ. ಗಿಗಾಬಿಟ್ ವೇಗಕ್ಕೆ ತಿಂಗಳಿಗೆ ೭೦ ಡಾಲರು. ದೂರದರ್ಶನ ಸೇರಿದರೆ ೧೨೦ ಡಾಲರು. ಬಡವರಿಗೆಂದು ಮೂರನೆಯ ಬಗೆಯೊಂದಿತ್ತು: ಸಂಪರ್ಕದ ವೆಚ್ಚವೆಂದು ಒಟ್ಟು ೩೦೦ ಡಾಲರು ಕೊಟ್ಟರೆ, ಸೆಕೆಂಡಿಗೆ ೫ ಮೆಗಾಬಿಟ್ ವೇಗದ ಸೇವೆಯು ಏಳು ವರ್ಷಗಳವರೆಗೆ ಮಾಸಿಕ ಶುಲ್ಕವಿಲ್ಲದೆ ಸಿಗುತ್ತಿತ್ತು.

ಈ ಏರ್ಪಾಡು ವ್ಯಾಪಾರದ ದೃಷ್ಟಿಯಿಂದ ಜಾಣತನದ್ದು. ಅಗೆಯುವ ಮೊದಲೇ ಬೇಡಿಕೆ ಗೊತ್ತಾಗುತ್ತದೆ. ಗಿರಾಕಿಯನ್ನು ಹುಡುಕುವ ಕೆಲಸವನ್ನು ಗಿರಾಕಿಯ ನೆರೆಯವನೇ ಮಾಡುತ್ತಾನೆ. ಇದರೊಡನೆ ಇನ್ನೊಂದು ನಿಯಮವೂ ಇತ್ತು: ಬಡಾವಣೆಯು ಗುರಿ ಮುಟ್ಟಿದರೆ ಅಲ್ಲಿಯ ಶಾಲೆ, ಗ್ರಂಥಾಲಯ ಮೊದಲಾದ ಸಾರ್ವಜನಿಕ ಸಂಸ್ಥೆಗಳಿಗೆ ಉಚಿತ ಸಂಪರ್ಕ, ಮುಟ್ಟದಿದ್ದರೆ ಅವಕ್ಕೂ ಇಲ್ಲ. ಹೀಗಾಗಿ ಒಂದು ಮನೆಯವರು ಹತ್ತು ಡಾಲರು ಕಟ್ಟದೆ ಬಿಟ್ಟುದರ ಪರಿಣಾಮವು ಪಕ್ಕದ ಮನೆಯ ಮಗುವಿನ ಶಾಲೆಯ ಮೇಲೆ ಬೀಳುವಂತಾಯಿತು. ಅಧ್ಯಾಪಕರೂ ಗ್ರಂಥಪಾಲಕರೂ ಸ್ವಯಂಸೇವಕರೂ ಮನೆಮನೆಗೆ ಹೋಗಿ ಬಾಗಿಲು ತಟ್ಟಿದುದು ಈ ಕಾರಣಕ್ಕಾಗಿ. ಹಣ ಕಟ್ಟಲಾರದ ನೆರೆಯವರ ಪರವಾಗಿ ಕಟ್ಟಲು ಚಂದಾ ಎತ್ತಿದವರೂ ಉಂಟು.

೪. ಟ್ರೂಸ್ಟ್ ರಸ್ತೆಯ ಗೆರೆ

ನೋಂದಣಿಯ ಪ್ರಗತಿಯನ್ನು ತೋರಿಸಲು ಕಂಪನಿಯು ನಗರದ ನಕಾಶೆಯೊಂದನ್ನು ಪ್ರಕಟಿಸುತ್ತಿತ್ತು. ಗುರಿ ಮುಟ್ಟಿದ ಬಡಾವಣೆಗೆ ಹಸುರು, ಮುಟ್ಟದುದಕ್ಕೆ ಹಳದಿ. ವಾರಗಳು ಉರುಳಿದಂತೆ ಆ ನಕಾಶೆಯಲ್ಲಿ ಊರಿನವರೆಲ್ಲರಿಗೂ ಪರಿಚಿತವಾದ ಗೆರೆಯೊಂದು ಮೂಡಿತು. ಅದು ಉತ್ತರ–ದಕ್ಷಿಣವಾಗಿ ಹಾಯುವ ಟ್ರೂಸ್ಟ್ ರಸ್ತೆ. ಅದರ ಪಶ್ಚಿಮಕ್ಕೆ ಬಹುಮಟ್ಟಿಗೆ ಬಿಳಿಯರ, ಅನುಕೂಲಸ್ಥರ ವಸತಿ. ಪೂರ್ವಕ್ಕೆ ಬಹುಮಟ್ಟಿಗೆ ಕರಿಯರ, ಬಡವರ ವಸತಿ. ಪಶ್ಚಿಮವು ಬೇಗನೆ ಹಸುರಾಯಿತು. ಪೂರ್ವವು ಹಳದಿಯಾಗಿಯೇ ಉಳಿಯುತ್ತ ಬಂದಿತು.

ಈ ಗೆರೆಯನ್ನು ಎಳೆದುದು ಅಂತರಜಾಲವಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ, ಮನೆಯ ಕ್ರಯಪತ್ರಗಳಲ್ಲಿಯೇ ಕರಿಯರಿಗೆ ಮಾರಕೂಡದೆಂಬ ಷರತ್ತುಗಳನ್ನು ಬರೆಯಲಾಗುತ್ತಿತ್ತು. ಆ ನಗರದ ಪ್ರಸಿದ್ಧ ಬಡಾವಣೆಗಳನ್ನು ಕಟ್ಟಿದ ಜೆ. ಸಿ. ನಿಕಲ್ಸ್ ಇಂತಹ ಷರತ್ತುಗಳನ್ನು ವ್ಯಾಪಕವಾಗಿ ಬಳಸಿದವನು. ೧೯೩೦ರ ದಶಕದಲ್ಲಿ ಅಮೆರಿಕೆಯ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆಯು ನಗರಗಳ ನಕಾಶೆಗಳನ್ನು ಬರೆಯಿಸಿ, ಸಾಲಕ್ಕೆ ಅಪಾಯಕರವೆಂದು ತೋರಿದ ಭಾಗಗಳಿಗೆ ಕೆಂಪು ಬಣ್ಣ ಬಳಿಯಿಸಿತು. ಕರಿಯರು ವಾಸಿಸುವ ಭಾಗಗಳು ಸಾಮಾನ್ಯವಾಗಿ ಆ ಬಣ್ಣಕ್ಕೆ ಸಿಕ್ಕಿದುವು. ಸಾಲ ಸಿಗದ ಕಡೆ ಮನೆಯ ಬೆಲೆ ಏರದು. ಬೆಲೆ ಏರದ ಕಡೆ ಸಾಲ ಸಿಗದು. ಸಾಲ ಮಂಜೂರು ಮಾಡುವ ಮೇಜಿನ ಹಿಂದೆ ಕುಳಿತವರು ಈ ಚರಿತ್ರೆಯನ್ನು ಮರೆಯಬಾರದು.

ಪೂರ್ವದವರಿಗೆ ಇಚ್ಛೆಯಿರಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. ನೋಂದಣಿಯ ವಿಧಾನವೇ ಅವರಿಗೆ ಪ್ರತಿಕೂಲವಾಗಿತ್ತು. ಹತ್ತು ಡಾಲರನ್ನು ನಗದಾಗಿ ಕೊಡುವಂತಿರಲಿಲ್ಲ. ಅದಕ್ಕೆ ಬ್ಯಾಂಕಿನ ಕಾರ್ಡು ಬೇಕು, ಇ-ಮೇಲ್ ವಿಳಾಸ ಬೇಕು. ಅಂತರಜಾಲವಿಲ್ಲದವನು ಅಂತರಜಾಲದ ಮೂಲಕವೇ ಅದನ್ನು ಬೇಡಬೇಕು! ಬಾಡಿಗೆಯ ಮನೆಯಾದರೆ ಮಾಲಿಕನ ಒಪ್ಪಿಗೆಯ ಪ್ರಶ್ನೆ ಬೇರೆ. ಇನ್ನೊಂದು ಸೂಕ್ಷ್ಮವೂ ಇದೆ. ನೂರಕ್ಕೆ ಇಷ್ಟು ಎಂಬ ಗುರಿಯಲ್ಲಿ ಛೇದವು ಮನೆಗಳ ಸಂಖ್ಯೆ. ಪಾಳುಬಿದ್ದ, ಬೀಗ ಹಾಕಿದ ಮನೆಗಳು ಹೆಚ್ಚಾಗಿರುವುದು ಬಡ ಬಡಾವಣೆಯಲ್ಲಿ. ಅವನ್ನೂ ಛೇದದಲ್ಲಿ ಸೇರಿಸಿದರೆ, ವಾಸವಾಗಿರುವ ಸ್ವಲ್ಪ ಜನರು ಇಲ್ಲದವರ ಪಾಲನ್ನೂ ಹೊರಬೇಕಾಗುತ್ತದೆ. ಎಲ್ಲರಿಗೂ ಸಮಾನವಾಗಿ ಕಾಣುವ ನಿಯಮವು ಅಸಮಾನವಾದ ನೆಲದ ಮೇಲೆ ನಿಂತಾಗ ಸಮಾನವಾಗಿ ಉಳಿಯುವುದಿಲ್ಲ.

ಕೊನೆಯ ವಾರಗಳ ಮನೆಮನೆಯ ಓಡಾಟವು ವ್ಯರ್ಥವಾಗಲಿಲ್ಲ. ೨೦೨ರಲ್ಲಿ ಕನಿಷ್ಠ ೧೮೦ ಬಡಾವಣೆಗಳು ಗುರಿ ಮುಟ್ಟಿದುವು. ಪೂರ್ವದ ಹಳದಿಯಲ್ಲಿ ಬಹುಭಾಗ ಹಸುರಾಯಿತು. ೨೦೧೨ರ ನವೆಂಬರಿನಲ್ಲಿ ಮೊದಲ ಮನೆಗಳಿಗೆ ಸಂಪರ್ಕ ಬಂದಿತು. ಆದರೆ ಬೀದಿಗೆ ತಂತು ಬಂದುದೂ ಮನೆಯೊಳಗೆ ಬಂದುದೂ ಒಂದೇ ಅಲ್ಲ. ೨೦೧೪ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯು ಮಾಡಿಸಿದ ಸಮೀಕ್ಷೆಯಲ್ಲಿ, ಬಡ ಬಡಾವಣೆಗಳಲ್ಲಿ ಹಣ ತೆತ್ತು ಸೇವೆ ಪಡೆದವರು ನೂರಕ್ಕೆ ಸುಮಾರು ೧೦. ಹತ್ತಿರದ ಅನುಕೂಲಸ್ಥ ಬಡಾವಣೆಗಳಲ್ಲಿ ನೂರಕ್ಕೆ ಸುಮಾರು ೪೨ ಎಂದು ಕಂಡುಬಂದಿತು. ನೋಂದಣಿಯ ಉತ್ಸಾಹದಲ್ಲಿ ಬಾಗಿಲು ತಟ್ಟಿದವರು ಎರಡನೆಯ ಸಲ, ಬಳಕೆಯನ್ನು ಕಲಿಸಲಿಕ್ಕಾಗಿ, ತಟ್ಟಬೇಕಾಗಿತ್ತೆಂಬುದು ಈ ಅಂಕಿಗಳಿಂದ ಹೊರಡುವ ಪಾಠ.

೫. ಮತ ಕೊಟ್ಟ ಊರು, ಷೇರು ಕೊಂಡ ಹಳ್ಳಿ

ಕಾನ್ಸಾಸ್ ಸಿಟಿಯವರು ಹೆಸರನ್ನೂ ಹತ್ತು ಡಾಲರನ್ನೂ ಕೊಟ್ಟರು. ಜಾಲದ ಒಡೆತನವಾದರೂ ಕಂಪನಿಯದು. ಸಂಪರ್ಕದ ಬಗೆಗಳನ್ನೂ ದರವನ್ನೂ ಬದಲಿಸುವ ಅಧಿಕಾರವೂ ಅದರದೇ. ೨೦೧೬ರಲ್ಲಿ ಆ ಮಾಸಿಕ ಶುಲ್ಕವಿಲ್ಲದ ಸೇವೆಯನ್ನು ಹೊಸಬರಿಗೆ ಕೊಡುವುದನ್ನು ಕಂಪನಿ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಮಾತುಕತೆ ನಡೆಯುತ್ತಿದ್ದ ಇತರ ನಗರಗಳಲ್ಲಿ ಕೆಲಸವನ್ನು ತಡೆಹಿಡಿಯಿತು. ಕೆಂಟಕಿಯ ಲೂಯಿವಿಲ್ ನಗರದಲ್ಲಿ ಕೇವಲ ಎರಡು ಅಂಗುಲ ಆಳದ ಕಾಲುವೆಯಲ್ಲಿ ತಂತು ಹೂಳುವ ಪ್ರಯೋಗ ಮಾಡಿ, ಅದು ಕೆಟ್ಟುದರಿಂದ ೨೦೧೯ರ ಏಪ್ರಿಲಿನಲ್ಲಿ ಊರನ್ನೇ ಬಿಟ್ಟುಹೋಯಿತು. ರಸ್ತೆಗಳ ದುರಸ್ತಿಗೆಂದು ನಗರಕ್ಕೆ ೩೮ ಲಕ್ಷ ೪೦ ಸಾವಿರ ಡಾಲರು ಕೊಡಲು ಒಪ್ಪಿತು. ಪರಿಹಾರ ಬಂದಿತು, ನಿಜ. ಆದರೆ ಉಳಿಯಬೇಕೋ ಹೋಗಬೇಕೋ ಎಂಬ ನಿರ್ಧಾರದಲ್ಲಿ ನಿವಾಸಿಗಳಿಗೆ ಮತವಿರಲಿಲ್ಲ.

ಇದಕ್ಕಿಂತ ಮುಂಚಿನದು ಲೂಯಿಸಿಯಾನ ರಾಜ್ಯದ ಲಫಾಯೆಟ್ ನಗರದ ಕಥೆ. ಹತ್ತೊಂಬತ್ತನೆಯ ಶತಮಾನದ ಅಂತ್ಯದಿಂದಲೂ ಅಲ್ಲಿ ವಿದ್ಯುತ್ತೂ ನೀರೂ ನಗರದ ಸ್ವಂತ ಸಂಸ್ಥೆಯವು. ಅದೇ ಸಂಸ್ಥೆಯು ಮನೆಮನೆಗೆ ಫೈಬರ್ ಎಳೆಯಲು ಮುಂದಾದಾಗ, ಅಲ್ಲಿ ವ್ಯವಹರಿಸುತ್ತಿದ್ದ ದೂರವಾಣಿ ಮತ್ತು ಕೇಬಲ್ ಕಂಪನಿಗಳು ವಿರೋಧಿಸಿದುವು. ಪ್ರಶ್ನೆಯು ಜನರ ಮುಂದೆ ಹೋಯಿತು. ೧೨ ಕೋಟಿ ೫೦ ಲಕ್ಷ ಡಾಲರುಗಳವರೆಗೆ ಸಾಲಪತ್ರ ಹೊರಡಿಸಬಹುದೇ ಎಂಬ ವಿಷಯದ ಮೇಲೆ ೨೦೦೫ರ ಜುಲೈ ೧೬ರಂದು ಮತದಾನ ನಡೆದು, ನೂರಕ್ಕೆ ೬೨ರಷ್ಟು ಜನ ಅನುಮತಿ ಕೊಟ್ಟರು. ಅನಂತರ ನ್ಯಾಯಾಲಯದ ವ್ಯಾಜ್ಯಗಳು ೨೦೦೭ರವರೆಗೆ ಎಳೆದುವು. ಸೇವೆ ಆರಂಭವಾದುದು ೨೦೦೯ರಲ್ಲಿ. ತಡವಾಯಿತು, ಆದರೆ ಜಾಲವು ಊರಿನದಾಯಿತು. ಅದರ ಫಲವೊಂದನ್ನು ನೋಡಿರಿ: ಯಾವ ದರ್ಜೆಯ ಶುಲ್ಕ ಕೊಟ್ಟವರಾದರೂ, ಊರೊಳಗಿನ ಚಂದಾದಾರರ ನಡುವೆ ಸೆಕೆಂಡಿಗೆ ೧೦೦ ಮೆಗಾಬಿಟ್ ವೇಗದಲ್ಲಿ ವಿನಿಮಯ ಮಾಡಿಕೊಳ್ಳಬಹುದೆಂದು ಆರಂಭದಲ್ಲಿಯೇ ಏರ್ಪಡಿಸಲಾಯಿತು. ಗಿರಾಕಿಯೇ ಒಡೆಯನೂ ಆದಾಗ ಇಂತಹ ನಿಯಮ ಹುಟ್ಟುವುದು ಸುಲಭ.

ಮೂರನೆಯದು ಉತ್ತರ ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಲೂನ್ ಕಣಿವೆಯ ಹಳ್ಳಿಗಳದು. ಮನೆಗಳು ದೂರದೂರ ಚದುರಿದ್ದುದರಿಂದ ಯಾವ ಕಂಪನಿಗೂ ಅಲ್ಲಿ ಲೆಕ್ಕ ಕೂಡಲಿಲ್ಲ. ೨೦೧೧ರಲ್ಲಿ ಹಳ್ಳಿಯವರೇ ‘ಬಿ-ಫೋರ್-ಆರ್-ಎನ್’ ಎಂಬ ಸಮುದಾಯ ಹಿತದ ಸಂಘವನ್ನು ನೋಂದಾಯಿಸಿದರು. ಒಂದು ಪೌಂಡಿನ ಷೇರು. ಕನಿಷ್ಠ ನೂರು ಷೇರು. ಎಷ್ಟೇ ಷೇರಿದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ. ರೈತರು ತಮ್ಮ ಹೊಲಗಳಲ್ಲಿ ಕೊಳವೆ ಹಾಯಲು ಶುಲ್ಕವಿಲ್ಲದೆ ಅವಕಾಶ ಕೊಟ್ಟರು. ಹೊಲದ ಮಣ್ಣನ್ನು ಅಗೆಯುವ ಖರ್ಚು ಡಾಂಬರು ರಸ್ತೆಯನ್ನು ಅಗೆಯುವುದಕ್ಕಿಂತ ಎಷ್ಟೋ ಕಡಿಮೆ. ೨೦೧೨ರಿಂದ ಊರವರೇ ಗುದ್ದಲಿ ಹಿಡಿದರು. ಅಗೆದ ಉದ್ದಕ್ಕೆ ತಕ್ಕಂತೆ ದುಡಿಮೆಯನ್ನು ಷೇರಾಗಿ ಪರಿವರ್ತಿಸಿಕೊಳ್ಳುವ ಅವಕಾಶವೂ ಇತ್ತು. ಕಂಪನಿಯ ಪುಸ್ತಕದಲ್ಲಿ ನಷ್ಟವೆಂದು ಕಂಡ ಕಣಿವೆಯಲ್ಲಿ, ಒಂದು ಗಿಗಾಬಿಟ್ ವೇಗವು ಹೊಲದ ಮನೆಗಳಿಗೆ ತಲುಪಿತು. ಲೆಕ್ಕ ಬದಲಾಗಲಿಲ್ಲ, ಲೆಕ್ಕದಲ್ಲಿ ಸೇರಿದ ಬಾಬುಗಳು ಬದಲಾದುವು.

೬. ನಮ್ಮ ಕಡೆಗೆ ನೋಡಿದರೆ

ಈ ಮೂರನೆಯ ಮಾರ್ಗವು ಕನ್ನಡಿಗರಿಗೆ ಹೊಸದಲ್ಲ. ೧೯೦೫ರಲ್ಲಿ ಗದಗ ಪ್ರದೇಶದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವು ಭಾರತದಲ್ಲಿ ಈ ಬಗೆಯ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಒಬ್ಬೊಬ್ಬನೇ ಹೋದರೆ ಸಾಲ ಹುಟ್ಟದ ರೈತನಿಗೆ, ಕೂಡಿ ನಿಂತರೆ ಸಾಲ ಹುಟ್ಟೀತೆಂಬ ತತ್ತ್ವವೇ ಅದರ ಬುನಾದಿ. ಲೂನ್ ಕಣಿವೆಯವರು ಅದೇ ತತ್ತ್ವವನ್ನು ಗಾಜಿನ ತಂತುವಿಗೆ ಅನ್ವಯಿಸಿದರು.

ನಮ್ಮ ದೇಶದ ದೊಡ್ಡ ನಗರಗಳಲ್ಲಿ ಹಲವು ಕಂಪನಿಗಳು ಫೈಬರ್ ಸೇವೆಗೆ ಪೈಪೋಟಿ ನಡೆಸುತ್ತಿರುವುದರಿಂದ, ಕಾನ್ಸಾಸ್ ಸಿಟಿಯ ಗುರಿಗಳ ಪ್ರಶ್ನೆ ಅದೇ ರೂಪದಲ್ಲಿ ಏಳುವುದಿಲ್ಲ. ಆದರೆ ಮುಂಬಯಿ, ಪುಣೆಗಳಂಥ ಊರುಗಳಲ್ಲಿ ನಮ್ಮಲ್ಲಿ ಬಹುಮಂದಿ ವಾಸಿಸುವುದು ಸಹಕಾರಿ ಗೃಹಸಂಘಗಳ ಕಟ್ಟಡಗಳಲ್ಲಿ. ತಂತು ಮೆಟ್ಟಲ ಗೋಡೆಯನ್ನೇರಬೇಕಾದರೆ ಆ ಸಂಘದ ಕಾರ್ಯಕಾರಿ ಸಮಿತಿಯ ಒಪ್ಪಿಗೆ ಬೇಕು. ಒಬ್ಬನಿಗೇ ಅವಕಾಶ ಕೊಡಬೇಕೆ, ಎಲ್ಲರಿಗೂ ಕೊಡಬೇಕೆ, ಕೊಳವೆ ಯಾರ ಒಡೆತನದಲ್ಲಿರಬೇಕು ಎಂಬುದನ್ನು ವಾರ್ಷಿಕ ಸಭೆಗೆ ಹೋಗದ ಸದಸ್ಯನು ಇತರರ ಇಷ್ಟಕ್ಕೆ ಬಿಟ್ಟಂತಾಗುತ್ತದೆ.

ನಾವು ಬಿಟ್ಟು ಬಂದ ಹಳ್ಳಿಗಳ ವಿಷಯ ಇನ್ನೂ ಮುಖ್ಯ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ರಾಷ್ಟ್ರೀಯ ಯೋಜನೆಗೆ ಕೇಂದ್ರ ಮಂತ್ರಿಮಂಡಲವು ೨೦೧೧ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಮುಂದೆ ‘ಭಾರತ್‌ನೆಟ್’ ಆಯಿತು. ಆ ಯೋಜನೆಯ ಮೂಲ ಗುರಿ ಪಂಚಾಯಿತಿಯ ಕಟ್ಟಡ. ಅಲ್ಲಿಂದ ಶಾಲೆಗೆ, ಗ್ರಂಥಾಲಯಕ್ಕೆ, ಮನೆಗೆ ಇರುವ ಅಂತರವು ಅಳತೆಯಲ್ಲಿ ಚಿಕ್ಕದು. ಆದರೆ ಪ್ರತಿ ಮನೆಯ ಲೆಕ್ಕದಲ್ಲಿ ಅದೇ ದುಬಾರಿಯಾದುದು. ಆ ಕೊನೆಯ ಮೈಲಿಯಲ್ಲಿ ಎಷ್ಟು ಮನೆಗಳು ಕೂಡುತ್ತವೆ, ಕೂಡಲಾರದ ಮನೆಯ ಪಾಲನ್ನು ಯಾರು ಹೊರುತ್ತಾರೆ ಎಂಬ ಪ್ರಶ್ನೆಗಳಿಗೆ ದೆಹಲಿಯಿಂದಾಗಲಿ ಬೆಂಗಳೂರಿನಿಂದಾಗಲಿ ಉತ್ತರ ಬರಲಾರದು. ಹೊರನಾಡಿನಲ್ಲಿರುವ ನಾವು ಊರಿನ ದೇವಾಲಯದ ಜೀರ್ಣೋದ್ಧಾರಕ್ಕೂ ಶಾಲೆಯ ಕೊಠಡಿಗೂ ಚಂದಾ ಕಳುಹಿಸುತ್ತ ಬಂದವರು. ಆ ಪಟ್ಟಿಯಲ್ಲಿ ಇದನ್ನೂ ಸೇರಿಸುವುದು ಉಚಿತ. ಆದರೆ ಹಣ ಕಳುಹಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಕಾನ್ಸಾಸ್ ಸಿಟಿ ಕಲಿಸಿಕೊಟ್ಟಿದೆ. ನೋಂದಣಿಯ ವಿಧಾನವು ಕಾರ್ಡಿಲ್ಲದವನನ್ನೂ ಒಳಗೊಳ್ಳುತ್ತದೆಯೆ? ಛೇದದಲ್ಲಿ ಬೀಗ ಹಾಕಿದ ಮನೆಗಳಿವೆಯೆ? ಜಾಲವು ಕಟ್ಟಿ ಮುಗಿದ ಮೇಲೆ ಯಾರ ಹೆಸರಿನಲ್ಲಿ ಇರುತ್ತದೆ?

ಜನರನ್ನು ಕೂಡಿಸುವುದು ಕಷ್ಟದ ಕೆಲಸ. ಆದರೆ ಕೂಡಿದ ಜನರಿಂದ ಏನನ್ನು ಬರೆಯಿಸಿಕೊಳ್ಳಬೇಕು, ಅದಕ್ಕೆ ಪ್ರತಿಯಾಗಿ ಅವರಿಗೆ ಏನನ್ನು ಬರೆದುಕೊಡಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ, ಸಭೆ ಮುಗಿದ ಮೇಲೆ ಉಳಿಯುವುದು ಹೆಸರುಗಳ ಪಟ್ಟಿ ಮಾತ್ರ. ಆ ಪಟ್ಟಿಯಿಂದ ಲಾಭ ಪಡೆಯುವವರು ಬೇರೆಯವರಾಗಿರುವುದು ಅಸಂಭವವೇನೂ ಅಲ್ಲ.